ಮೂರೂ ಊರಿನಲ್ಲಿ ಇದ್ದದ್ದು

ನಮ್ಮ ನರ್ಸಬಾಯಿಯವರ ನಾಲಗೆಯ ತುದಿ ಸದಾ ನೀಲಿ. ಒದ್ದೆಯಾದರಷ್ಟೇ ಗಾಢವಾಗಿ ಮೂಡುವ ಪೆನ್ಸಿಲನ್ನು ಅವರು ನಾಲಗೆಗೆ ತಾಗಿಸಿ ಬರೆಯುತ್ತಿದ್ದರು. ನಕ್ಕಾಗ ಆ ನೀಲಿ ಕಾಣುತ್ತಿತ್ತು. ಆದರೆ ಅವರು ನಗುತ್ತಿದ್ದುದೇ ಅಪರೂಪ.

ಎಪ್ಪತ್ತರ ದಶಕದ ಮೊದಲಲ್ಲಿ, ಸೇಡಂ ಕಡೆಯ ಹಳ್ಳಿಯಿಂದ ಬಂದು ಚಿತ್ತಾಪುರದಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತು ವರ್ಷ. ಇಬ್ಬರೂ ಹಳ್ಳಿ ಹಳ್ಳಿ ತಿರುಗಿ ಸೂಜಿ ಹಾಕುತ್ತಿದ್ದೆವು, ಬಾಣಂತಿಯರನ್ನು ನೋಡುತ್ತಿದ್ದೆವು. ಮೊದಲ ದಿನವೇ ಅವರು ನನ್ನನ್ನು ‘ತಂಗಿ’ ಎಂದರು. ಮದುವೆಯಾಗದ ಅವರು ವಿಧವೆ ತಾಯಿಯೊಂದಿಗೆ ಇದ್ದರು. ನನ್ನ ಊಟವೂ ಹೆಚ್ಚಾಗಿ ಅಲ್ಲೇ. ಆ ತಾಯಿ ಪ್ರತಿ ಬೇಸಿಗೆ, ತೀರಿಹೋದ ಗಂಡನ ಹೆಸರಿನಲ್ಲಿ ಸಂತೆಯ ದಾರಿಗೆ ಅರವಟ್ಟಿಗೆ ಇಡುತ್ತಿದ್ದರು. ದಣಿದು ಬಂದವರಿಗೆಲ್ಲ ಮಣ್ಣಿನ ಹರವಿಯ ತಣ್ಣೀರು.

ಒಂದು ಬೇಸಿಗೆ ಗುಂಡಗುರ್ತಿ, ತೆಂಗಳಿ ಮತ್ತು ಇನ್ನೊಂದು ಸಣ್ಣ ಹಳ್ಳಿಯಲ್ಲಿ ಒಮ್ಮೆಲೇ ವಾಂತಿಭೇದಿ ಶುರುವಾಯಿತು. ಇಬ್ಬರು ತೀರಿಕೊಂಡರು. ಆ ಸಣ್ಣ ಹಳ್ಳಿಯ ಹಿರಿಯರು ಬಡವರ ಓಣಿಯ ಬಾವಿಯನ್ನೇ ಶಂಕಿಸಿ, ಅದಕ್ಕೆ ಮುಳ್ಳುಕಂಟಿ ಹಾಕಿಸಿದರು. ಓಣಿಯ ಹೆಂಗಸರು ಉರಿಬಿಸಿಲಲ್ಲಿ ದೂರದ ಹಳ್ಳಕ್ಕೆ ನೀರಿಗೆ ಹೋಗಬೇಕಾಯಿತು.

ನರ್ಸಬಾಯಿ ಜಡ್ಡಿಗೆ ಬಿದ್ದವರ ಮನೆಮನೆಗೂ ಹೋದರು. ಯಾವ ಬಾವಿಯ ನೀರು, ಯಾರ ಮನೆಯ ಹಾಲು, ಎಲ್ಲಿ ಉಂಡಿರಿ, ಎಲ್ಲಿ ಕುಡಿದಿರಿ ಎಂದು ಕೇಳಿ ಬರೆದುಕೊಂಡರು. ಆಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು, ಮೂರು ಊರಿನವರು ಹೇಳಿದ್ದನ್ನು ಪಕ್ಕಪಕ್ಕಕ್ಕೆ ತುಂಬಿದರು. ನಾನು ಹಾಳೆಯಲ್ಲಿ ಆ ಮುಳ್ಳು ಹಾಕಿಸಿದ ಬಾವಿಯ ಮೇಲೆ ಬೆರಳಿಟ್ಟೆ. ಅವರು ತಲೆಯಲ್ಲಾಡಿಸಿದರು.

“ಒಂದೂರಾಗಷ್ಟ ಇದ್ದದ್ದು ಬಿಡು, ತಂಗಿ. ಮೂರೂ ಊರಾಗ ಯಾವ್ದು ಅದ, ಅದನ್ನ ಹುಡುಕು.”

ಪಟ್ಟಿಯಿಂದ ಬಾವಿಗಳು ಹೋದವು, ಹಾಲು ಹೋಯಿತು. ಒಂದು ಮದುವೆಯೂಟ ಎರಡು ಊರಿಗೆ ಹೊಂದಿತು, ಮೂರನೆಯದಕ್ಕೆ ಹೊಂದಲಿಲ್ಲ. ಕೊನೆಗೆ ಮೂರೂ ಕಡೆ ಉಳಿದದ್ದು ಒಂದೇ: ಜಡ್ಡಾದವರೆಲ್ಲ ಆ ವಾರ ಸಂತೆಗೆ ಬಂದಿದ್ದರು, ನರ್ಸಬಾಯಿಯವರ ತಾಯಿಯ ಅರವಟ್ಟಿಗೆಯಲ್ಲಿ ನೀರು ಕುಡಿದಿದ್ದರು. ಎಂದಿನ ಬಾವಿ ಬತ್ತಿದ್ದರಿಂದ ಆ ಸಲ ತಾಯಿ ಹಾಳುಬಿದ್ದ ಬೇರೊಂದು ಬಾವಿಯಿಂದ ನೀರು ತರಿಸಿದ್ದರು.

ಅವರು ಪೆನ್ಸಿಲನ್ನು ನಾಲಗೆಗೆ ತಾಗಿಸಿ ಆ ಸಾಲಿನ ಕೆಳಗೆ ಗೆರೆ ಎಳೆದರು. ನನಗೆ ಆ ಮುಖ ನೋಡಲಾಗಲಿಲ್ಲ. ಅದೊಂದನ್ನು ಬಿಟ್ಟು ವರದಿ ಬರೆದರೆ ಯಾರಿಗೂ ತಿಳಿಯುವುದಿಲ್ಲ ಎಂದೆ.

“ನನಗ ಗೊತ್ತದಲ್ಲಾ, ತಂಗಿ,” ಎಂದರು.

ಆ ಮಧ್ಯಾಹ್ನವೇ ಹೋಗಿ ತಮ್ಮ ಕೈಯಾರೆ ಹರವಿಗಳನ್ನು ನೆಲಕ್ಕೆ ಬಗ್ಗಿಸಿದರು. ತಾಯಿ ತಡೆಯಲಿಲ್ಲ. ಹರಿದುಹೋಗುವ ನೀರನ್ನು ನೋಡುತ್ತ, “ನಾ ನೀರ ಕೊಟ್ಟೀನಿ, ಮಗಳಾ,” ಎಂದಷ್ಟೇ ಅಂದರು. ಮಗಳು ಖಾಲಿ ಹರವಿಗಳನ್ನು ಬೋರಲು ಹಾಕಿದರು. ಮರುದಿನ ಆ ಸಣ್ಣ ಹಳ್ಳಿಗೆ ಹೋಗಿ, ಜಡ್ಡು ಬಂದದ್ದು ನಮ್ಮವ್ವನ ಅರವಟ್ಟಿಗೆಯಿಂದ ಎಂದು ಹಿರಿಯರ ಎದುರು ಹೇಳಿ, ಬಾವಿಯ ಮೇಲಿನ ಮುಳ್ಳು ತೆಗೆಸಿದರು. ಹೊಸ ಜಡ್ಡು ನಿಂತಿತು. ಮನೆಯಲ್ಲಿ ತಾಯಿಯ ಮಾತೂ ನಿಂತಿತು. ವರ್ಷವಿಡೀ ಅವರಿಬ್ಬರ ನಡುವೆ ಕೂತು ನಾನು ರೊಟ್ಟಿ ತಿಂದೆ.

ಮರುವರ್ಷ ಬೇಸಿಗೆಯ ಒಂದು ಬೆಳಗ್ಗೆ ಹೋದಾಗ ನರ್ಸಬಾಯಿ ಅಂಗಳದಲ್ಲಿ ದೊಡ್ಡ ಹಂಡೆಯಿಟ್ಟು ನೀರು ಕುದಿಸುತ್ತಿದ್ದರು. ಆರಿದ ನೀರನ್ನು ತಾವೇ ಹೊತ್ತು ಸಂತೆಯ ದಾರಿಗೆ ಹೊರಟರು. ತಾಯಿ ಒಳಗಿನಿಂದ ಹೊಸ ಹರವಿ ಎತ್ತಿಕೊಂಡು ಹಿಂದೆಯೇ ನಡೆದರು. “ಸಾವಕಾಶ ನಡಿ, ಚೆಲ್ತದ,” ಎಂದರು. ಮಗಳು ತಿರುಗಿ ನೋಡಲಿಲ್ಲ. ನಡಿಗೆ ಮಾತ್ರ ನಿಧಾನವಾಯಿತು.

ತಾಯಿ ತೀರಿದ ಮೇಲೆ ಅವರಿಗೆ ಚಿಂಚೋಳಿಗೆ ವರ್ಗವಾಯಿತು, ನನಗೆ ಶಹಾಬಾದಿಗೆ. ಮದುವೆ, ಮಕ್ಕಳು, ಡ್ಯೂಟಿ ಎಂದು ನನ್ನ ದಿನಗಳು ಓಡಿದವು. ಅವರ ಕಾಗದಗಳೆಲ್ಲ ‘ಒಮ್ಮೆ ಬಂದು ಹೋಗು, ತಂಗಿ’ ಎಂದೇ ಮುಗಿಯುತ್ತಿದ್ದವು. ಬರುವ ತಿಂಗಳು ಬರುತ್ತೇನೆ ಎಂದು ನಾನು ಪ್ರತಿ ಸಲವೂ ಬರೆದೆ. ಅವರು ಹೋದ ಸುದ್ದಿ ಮಣ್ಣು ಮಾಡಿ ಎಂಟು ದಿನವಾದ ಮೇಲೆ ತಲುಪಿತು. ಚಿಂಚೋಳಿಯ ಬಸ್ಸು ದಿನಾಲೂ ಹೋಗುತ್ತಿತ್ತು. ನಾನೇ ಹತ್ತಲಿಲ್ಲ.