ಬಿಸಿಲು ಕಾಣದ ಹಾಲುಬಟ್ಟೆ

ಸುಶೀಲ ಆ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಎಡಗೈ ಎತ್ತಲಿಲ್ಲ. ಬಾಚಣಿಗೆಯನ್ನು ಬಲಗೈಯಲ್ಲೇ ಹಿಡಿದು, ಕತ್ತು ವಾರೆ ಮಾಡಿಕೊಂಡು ಹೇಗೋ ಎಳೆದುಕೊಳ್ಳುತ್ತಿದ್ದಳು. ನಾನು ನೋಡಿದೆ. ಕೇಳಲಿಲ್ಲ. ಬಾಣಂತಿ ಮಗಳನ್ನು ತಂದೆಯಾದವನು ಏನೆಂದು ಕೇಳುವುದು?

ಮಧ್ಯಾಹ್ನಕ್ಕೆ ಚಳಿಜ್ವರ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ನನ್ನ ಹೆಂಡತಿ ಕೆಂಪಮ್ಮ ಕೋಣೆಯಿಂದ ಹೊರಗೆ ಬಂದು, ನನ್ನ ಮುಖ ನೋಡದೆ ಹೇಳಿದಳು.

"ಎಡಗಡೆ ಎದೆ ಕಲ್ಲಿನಂಗಾಗೈತೆ. ಮುಟ್ಟಿದ್ರೆ ಕಿರುಚ್ಕೋತಾಳೆ. ಓಗಿ ಡಾಕ್ಟ್ರಿಗೆ ಯೋಳಿ ಬನ್ನಿ."

ಬೆಳಕವಾಡಿ ಕಡೆಯ ನಮ್ಮ ಊರಿಂದ ಮಳವಳ್ಳಿಗೆ ಒಬ್ಬನೇ ಬಸ್ಸು ಹತ್ತಿದೆ. ಡಾಕ್ಟರ ಮುಂದೆ ಗಂಡಸರು ಹೆಂಗಸರು ತುಂಬಿದ್ದರು. ಎಲ್ಲರ ಎದುರು ಬಾಯಿ ಬರಲಿಲ್ಲ. "ಮಗಳಿಗೆ ಎದೆನೋವು, ಜ್ವರ" ಎಂದೆ. "ಕೆಮ್ಮು ಇದೆಯಾ?" ಎಂದರು. "ಸ್ವಲ್ಪ" ಎಂದೆ. ಕೆಮ್ಮು ಇರಲಿಲ್ಲ. ಆ ಮಾತು ಅಲ್ಲಿಗೆ ಮುಗಿದರೆ ಸಾಕಾಗಿತ್ತು.

ಕೆಮ್ಮಿನ ಮಿಕ್ಸ್ಚರ್ ಹಿಡಿದುಕೊಂಡು ಮನೆಗೆ ಬಂದೆ.

ಇದನ್ನು ಬರೆಯಲು ಕುಳಿತವನು ಆಗಲೇ ಹಲವು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ. ಆ ಬಾಟಲಿ ತಂದದ್ದಕ್ಕಿಂತ ಮುಂಚೆಯೇ ನಾನು ಮಾಡಿದ್ದೊಂದಿದೆ. ಅದನ್ನು ಹೇಳದೆ ಮುಂದಕ್ಕೆ ಹೋಗಲಾಗದು.

ಸುಶೀಲಳಿಗೆ ಹಾಲು ಹೆಚ್ಚು. ಮಗು ಒಂದು ಕಡೆ ಕುಡಿಯುತ್ತಿದ್ದರೆ ಇನ್ನೊಂದು ಕಡೆ ತಾನಾಗಿ ಸುರಿಯುತ್ತಿತ್ತು. ರವಿಕೆ ನೆನೆಯದಿರಲೆಂದು ಹಳೆಯ ಪಂಚೆ ಹರಿದು, ಪದರ ಪದರವಾಗಿ ಇಟ್ಟು, ಅಂಗೈಯಗಲದ ಗುಂಡನೆಯ ಮೆತ್ತೆಗಳನ್ನು ಅವಳೇ ಹೊಲಿದುಕೊಂಡಿದ್ದಳು. ಬಸುರಿಯಾಗಿದ್ದಾಗಲೇ ಒಂದಷ್ಟು ಹೊಲಿದಿಟ್ಟಿದ್ದಳಂತೆ. ಒಳಗಿಟ್ಟುಕೊಂಡರೆ ಯಾರಿಗೂ ಗೊತ್ತಾಗದು. ದಿನಾ ಒಗೆದು ಅಂಗಳದ ತಂತಿಗೆ ಹಾಕುತ್ತಿದ್ದಳು.

ನಾನು ರೇಷ್ಮೆ ಇಲಾಖೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದು ನಿವೃತ್ತನಾದವನು. ಈಗಲೂ ಹುಳ ಸಾಕುವವರು ಸಲಹೆ ಕೇಳಲು ನಮ್ಮ ಜಗಲಿಗೆ ಬರುತ್ತಾರೆ. ಒಂದು ದಿನ ಪಕ್ಕದ ಬೀದಿಯ ಪುಟ್ಟೇಗೌಡ ತಂತಿಯ ಕಡೆ ನೋಡಿ ನಕ್ಕ.

"ರಿಟೈರಾದ್ರೂ ಬುಡ್ನಿಲ್ವಲ್ಲಣ್ಣ. ತಂತಿ ಮ್ಯಾಲೇ ಗೂಡು ಕಟ್ಸಿದ್ದೀಯ. ಒಳ್ಳೆ ಬಿಳೀ ಗೂಡು. ಮಾರ್ಕೆಟ್ಟಿಗೆ ಆಕು."

ಕುಳಿತಿದ್ದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವರು ಹೋದ ಮೇಲೆ ಒದ್ದೆ ಮೆತ್ತೆಗಳನ್ನೆಲ್ಲ ತಂತಿಯಿಂದ ಕಿತ್ತು ಕೋಣೆಯ ಬಾಗಿಲಲ್ಲಿ ಎಸೆದೆ. "ಇನ್ನು ಇವು ಹೊರಗೆ ಕಾಣಕೂಡದು. ಬಿಗಿಯಾಗಿ ಕಟ್ಕೊ, ಸುರಿಯಲ್ಲ" ಎಂದೆ.

ಸುಶೀಲ ಅವನ್ನು ಆಯ್ದುಕೊಂಡು ಒಳಗೆ ಹೋದಳು. ಅಂದಿನಿಂದ ಅವು ಮಂಚದ ಕೆಳಗೆ ಕಟ್ಟಿದ ಹುರಿಯ ಮೇಲೆ ಒಣಗಬೇಕಾಯಿತು. ಮಳೆಗಾಲ. ಬಾಣಂತಿ ಕೋಣೆಗೆ ಗಾಳಿಯೂ ಇಲ್ಲ. ಅರೆ ಒದ್ದೆಯನ್ನೇ ಇಟ್ಟುಕೊಂಡಳು. ಅದರ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು. ಅಪ್ಪ ಹೇಳಿದ್ದನಲ್ಲ.

ಮಿಕ್ಸ್ಚರ್ ಕುಡಿದರೂ ಜ್ವರ ಇಳಿಯಲಿಲ್ಲ. ಬಾವು ಕೆಂಪಾಗಿ, ಮೇಲಿನ ಚರ್ಮ ಹೊಳೆಯತೊಡಗಿತು. ಬಾಟಲಿ ಎದೆಗೂಡಿನ ನೋವಿಗೆ ಕೊಟ್ಟದ್ದೆಂದು ಗೊತ್ತಾದಾಗ ಕೆಂಪಮ್ಮ ಕೂಗಾಡಲಿಲ್ಲ. ಮಗುವಿನ ಬಟ್ಟೆ ಗಂಟು ಕಟ್ಟಿದಳು.

"ಮಂಡ್ಯಕ್ಕೆ ಓಗನ ಏಳಿ. ಈ ಸಲ ನಾನೇ ಮಾತಾಡ್ತೀನಿ."

ಬಸ್ಸು ಮದ್ದೂರಿನಲ್ಲಿ ನಿಂತಾಗ ಮಗು ಅತ್ತಿತು. ಅಳು ಕೇಳಿದ್ದೇ ತಡ, ಸುಶೀಲಳ ಸೆರಗು ಬಲಗಡೆ ನೆನೆದುಹೋಯಿತು. ಎಡಗಡೆ ಒಂದು ಹನಿಯೂ ಬರಲಿಲ್ಲ. ಅಲ್ಲಿ ನೋವು ಮಾತ್ರ. ಅವಳು ಸುತ್ತ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಬೈಯುತ್ತೇನೆಂದು ಹೆದರಿದ್ದಳು. ಅಂಥ ಜ್ವರದಲ್ಲೂ.

ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟೆ.

ಮಂಡ್ಯದ ಆಸ್ಪತ್ರೆಯ ಲೇಡಿ ಡಾಕ್ಟರು ನೋಡಿದವರೇ, "ಅಬ್ಸೆಸ್ ಆಗಿದೆ, ಕೀವು ತುಂಬಿದೆ, ಇವತ್ತೇ ಆಪರೇಷನ್ ಮಾಡಬೇಕು" ಎಂದರು. ರಕ್ತಕ್ಕೆ ನಂಜೇರಿದರೆ ಜೀವಕ್ಕೇ ಅಪಾಯವಂತೆ. ಒದ್ದೆ ಬಟ್ಟೆ ಇಟ್ಟುಕೊಳ್ಳುತ್ತಿದ್ದಳೇ ಎಂದು ಕೇಳಿದಾಗ ಕೆಂಪಮ್ಮ ಉತ್ತರ ಕೊಟ್ಟಳು.

"ನಮ್ಮನೇಲಿ ಬಿಸಿಲು ರೇಷ್ಮೆ ತಟ್ಟೆಗೆ ಮಾತ್ರ ಕಣವ್ವ."

ನೌಕರಿಯುದ್ದಕ್ಕೂ ನಾನು ಊರೂರು ತಿರುಗಿ ಹೇಳಿದ್ದು ಅದೊಂದೇ ಮಾತು. ತಟ್ಟೆಯಲ್ಲಿ ತೇವ ನಿಲ್ಲಿಸಬೇಡಿ, ಹುಳಕ್ಕೆ ರೋಗ ಬರುತ್ತದೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಬಿಸಿಲಿಗೆ ಹಾಕಿ, ಒಣಗಿರಲಿ. ಕೇಳದ ರೈತರನ್ನು ಗದರಿದ್ದೇನೆ.

ಆಪರೇಷನ್ ಕೋಣೆಯ ಹೊರಗೆ ಬೆಂಚಿತ್ತು. ಕೂರಲಾಗಲಿಲ್ಲ. ಗೇಟಿನವರೆಗೆ ಹೋಗುವುದು, ಬರುವುದು. ಬಸರಾಳಿನಲ್ಲಿ ಮೇಷ್ಟರಾಗಿರುವ ಅಳಿಯ ಅಷ್ಟರಲ್ಲಿ ಬಂದು, "ಮಾವ, ಕೂತ್ಕೊಳ್ಳಿ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅವನ ಪಕ್ಕದಲ್ಲಂತೂ ಕೂರಲಾಗಲೇ ಇಲ್ಲ.

ಡಾಕ್ಟರು ಹೊರಗೆ ಬಂದಾಗ ಹಿಂದೆಯೇ ಹೋಗಿ ಕೇಳಿದೆ. "ಆ ಬಟ್ಟೆಯಿಂದಲೇ ಹೀಗಾಯಿತಾ ತಾಯಿ?"

"ಮೊಲೆತೊಟ್ಟು ಬಿರಿದಿತ್ತು. ತೇವ ನಿಂತರೆ ಅದು ಮಾಯಲ್ಲ. ಬಿಗಿದು ಕಟ್ಟಿದ್ದಕ್ಕೆ ಹಾಲೂ ಕಟ್ಟಿಕೊಂಡಿದೆ. ಅದೊಂದರಿಂದಲೇ ಅಂತ ನಾನು ಹೇಳಲ್ಲ. ಅಲ್ಲ ಅಂತಲೂ ಹೇಳಲ್ಲ."

ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಆಮೇಲಿನ ದಿನಗಳಲ್ಲಿ ಪೆನ್ಸಿಲಿನ್ ಇಂಜೆಕ್ಷನ್, ಡ್ರೆಸ್ಸಿಂಗ್. ಮಗು ಬಲಗಡೆ ಕುಡಿಯುವಾಗಲೆಲ್ಲ ಎಡಗಡೆ ಗಾಯದಿಂದ ಹಾಲೂ ಕೀವೂ ಸೇರಿ ಜಿನುಗುತ್ತಿತ್ತು. ಮೇಲಿಂದ ಮೇಲೆ ಹತ್ತಿ ಬದಲಿಸಿ ಪ್ಲಾಸ್ಟರ್ ಕಿತ್ತು ಸುತ್ತಲಿನ ಚರ್ಮ ಸುಲಿದುಹೋಯಿತು. ಆಗ ನರ್ಸಮ್ಮ ಒಂದು ಉಪಾಯ ಮಾಡಿದರು. ಗಾಜ್ ಬಟ್ಟೆಯೊಳಗೆ ಹತ್ತಿ ಇಟ್ಟು ಮಡಿಚಿ, ಅಂಟಿನ ಪಟ್ಟಿಯನ್ನು ಮೈಗೆ ಹಾಕುವ ಬದಲು ರವಿಕೆಯ ಒಳಮೈಗೆ ಅಂಟಿಸಿದರು. ಮೆತ್ತೆ ಜಾರುವುದಿಲ್ಲ, ಚರ್ಮ ಕೀಳುವುದಿಲ್ಲ, ಹೊರಗೆ ಕಾಣುವುದೂ ಇಲ್ಲ.

ನಾನು ಅಂಗಡಿಯಿಂದ ಪ್ಲಾಸ್ಟರ್ ಸುರುಳಿ ತಂದೆ. ಗಾಯಕ್ಕೆ ಆಸ್ಪತ್ರೆಯದೇ ಗಾಜ್. ಬಲಗಡೆಗೆ ಮಾತ್ರ ನನ್ನ ಪಂಚೆಯೊಂದನ್ನು ಒಗೆದು, ಕುದಿಸಿ, ಆಸ್ಪತ್ರೆಯ ಗೋಡೆಯ ಮೇಲೆ ಬಿಸಿಲಿಗೆ ಹರವಿ, ವರಾಂಡದಲ್ಲಿ ಕುಳಿತು ಮೆತ್ತೆ ಮಾಡಿದೆ. ಪಕ್ಕದ ವಾರ್ಡಿನ ಮುದುಕಿಯೊಬ್ಬಳು ನಿಂತು ನೋಡಿದಳು.

"ಏನ್ ಯಜಮಾನ, ರೊಟ್ಟಿ ತಟ್ತಿದ್ದೀಯಾ?"

"ಮಗಳಿಗೆ ಹಾಲು ಸೋರ್ತದೆ ಕಣವ್ವ. ಅದಕ್ಕೆ."

ಹೇಳಿಬಿಟ್ಟಿದ್ದೆ. ಮುದುಕಿ "ಅಂಚು ಮೆತ್ತಗಿರ್ಲಿ, ಚುಚ್ತದೆ" ಎಂದು ಹೇಳಿ ಹೋದಳು.

ಜ್ವರ ಬಿಟ್ಟ ದಿನ ಮೆತ್ತೆಗಳನ್ನು ಸುಶೀಲಳ ಕೈಗೆ ಕೊಟ್ಟು, "ತಪ್ಪು ನಂದು ಕಣವ್ವ, ಮನಸ್ಸಿನಲ್ಲಿಟ್ಕೋಬೇಡ" ಎಂದೆ. ಅವಳು ಒಂದನ್ನು ತಿರುಗಿಸಿ ನೋಡಿದಳು.

"ಅಪ್ಪ, ಪಟ್ಟಿ ವಾರೆ ಹಾಕಿದ್ದೀಯ."

ಅಷ್ಟೇ ಅಂದಳು. ಬಿಚ್ಚಿ ನೆಟ್ಟಗೆ ಹಾಕಿಕೊಟ್ಟೆ.

ಈಗ ಊರಿಗೆ ಬಂದಿದ್ದೇವೆ. ಗಾಯ ಕೂಡಿದೆ, ಕಲೆ ಉಳಿದಿದೆ. ಎಡಗಡೆ ಹಾಲು ಕಡಿಮೆ. ಮಗು ಒಮ್ಮೊಮ್ಮೆ ಕುಡಿಯುತ್ತದೆ, ಒಮ್ಮೊಮ್ಮೆ ಮುಖ ತಿರುಗಿಸುತ್ತದೆ. ಮಗಳು ಉಳಿದಳು. ಅದಕ್ಕಿಂತ ಹೆಚ್ಚು ಕೇಳುವ ಬಾಯಿ ನನಗಿಲ್ಲ.

ಮೆತ್ತೆಗಳನ್ನು ತಂತಿಗೆ ಹಾಕುವ ಕೆಲಸ ನನ್ನದು. ನಿನ್ನೆ ಹಾಕುತ್ತಿದ್ದಾಗ ಪುಟ್ಟೇಗೌಡ ಬಂದ. ಕೈ ನಿಲ್ಲಿಸಬೇಕೆನಿಸಿತು. ನಿಲ್ಲಿಸಲಿಲ್ಲ.

"ಅವತ್ತಿಂದ ಕೇಳ್ಬೇಕು ಅಂತಿದ್ದೆ. ಏನಣ್ಣ ಅವು?"

"ನನ್ನ ಮಗಳ ಹಾಲುಬಟ್ಟೆ. ಸೋರೋ ಹಾಲು ಹೀರ್ಕೊಳಕ್ಕೆ."

"ಔದಾ? ನಾನು ಮಗೀನ ಟೋಪಿ ಅಂದ್ಕಂಡಿದ್ದೆ." ಒಂದನ್ನು ಮುಟ್ಟಿ ನೋಡಿದ. "ನಮ್ಮ ಸೊಸೇಗೂ ಇದೇ ಪಾಡು ಕಣಣ್ಣ. ಎಂಗೆ ಮಾಡದು, ಸ್ವಲ್ಪ ತೋರ್ಸು."

ಅವತ್ತು ನಕ್ಕಾಗ ಅವು ಏನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಕೈಯಲ್ಲಿದ್ದ ಮೆತ್ತೆಯನ್ನು ತಂತಿಗೆ ಹಾಕಿದೆ. ಆಮೇಲೆ ಒಳಗೆ ಹೋಗಿ ಕತ್ತರಿ ತಂದೆ.

"ಕೂತ್ಕೊ" ಎಂದೆ. "ಮೊದಲು ಒಂದು ಮಾತು ತಿಳ್ಕೊ ಪುಟ್ಟೇಗೌಡ. ಇವನ್ನ ಬಿಸಿಲಲ್ಲೇ ಒಣಗಿಸಬೇಕು."