ಅಮ್ಮಾರು ಗಾಡಿ ಇಳಿದದ್ದು

ಮೊನ್ನೆ ಶಕ್ತಿನಗರದಲ್ಲಿ ಕಟ್ಟುತ್ತಿರುವ ಕರೆಂಟಿನ ಕಾರ್ಖಾನೆಗೆ ಕೆಲಸದವರನ್ನು ಹೊತ್ತುಕೊಂಡು ಬಸ್ಸು ಓಡಿಸುತ್ತಿದ್ದೆ. ಹಿಂದೆ ಯಾರೋ ಬುತ್ತಿ ಡಬ್ಬಿ ಬಿಚ್ಚಿದರು. ಇಂಗಿನ ಒಗ್ಗರಣೆಯ ವಾಸನೆ ಬಂತು. ಡೀಸೆಲ್ ವಾಸನೆಯಂತೂ ಮೊದಲೇ ಇತ್ತು. ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ಗೇರಿನ ಮೇಲಿದ್ದ ಕೈ ಹಾಗೇ ನಿಂತುಬಿಟ್ಟಿತು. ಡೀಸೆಲ್ಲಿಗೆ ಇಂಗಿನ ಒಗ್ಗರಣೆ ಕೊಟ್ಟಂಥ ಆ ವಾಸನೆ ನಾನು ಕಂಡಂತೆ ಒಂದೇ ಗಾಡಿಗಿತ್ತು. ಅದನ್ನು ಓಡಿಸಿದವನು ನಾನೇ.

ನಾನು ಓದಿದ್ದು ಮೂರನೇ ಇಯತ್ತೆ. ಚೆಂದ ಮಾಡಿ ಬರೆಯೋದು ನನಗೆ ಬರೋದಿಲ್ಲ, ಬರೆದವರದನ್ನು ಓದೋ ತಾಳ್ಮೆಯೂ ಇಲ್ಲ. ಇದ್ದದ್ದು ಇದ್ದಹಾಗೆ ಹೇಳುತ್ತೇನೆ, ನೀವೂ ಹಾಗೇ ಕೇಳಿ.

ಎಮರ್ಜೆನ್ಸಿ ಮುಗಿದ ಹೊಸತು. ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ನಾನು ಚೀಲ ಹೊರುತ್ತಿದ್ದೆ. ಒಂದು ಅಕ್ಕಿ ಗಿರಣಿಯ ಲಾರಿ ಡ್ರೈವರನ ಕಾಲು ಹಿಡಿದು ಗಾಡಿ ಕಲಿತಿದ್ದೆ. ಲೈಸೆನ್ಸು ಇತ್ತು, ನೌಕರಿ ಇರಲಿಲ್ಲ. ಆಗ ಸುದ್ದಿ ಬಂತು: ರಿಟೈರಾದ ಆಚಾರ್ ಮಾಸ್ತರು ಒಂದು ಹಳೇ ಬಸ್ಸು ತಗೊಂಡಿದ್ದಾರೆ, ಅದಕ್ಕೆ ಡ್ರೈವರ್ ಬೇಕು. ಬೇರೆ ಡ್ರೈವರುಗಳು ಹೋಗಿ ನೋಡಿ ನಗುತ್ತಾ ವಾಪಸು ಬಂದಿದ್ದರು. "ಅದು ಬಸ್ಸಲ್ಲಲೇ, ಮನಿ. ಮನಿ ಯಾರು ಓಡಿಸ್ತಾರ?" ಅಂದರು.

ಹೋಗಿ ನೋಡಿದೆ. ಮನೆಯೇ. ಸೀಟು ಕಿತ್ತು ಎರಡು ಮಂಚ ಹಾಕಿಸಿದ್ದರು. ಹಿಂದೆ ಅಡುಗೆಗೆ ಇದ್ದಿಲ ಒಲೆ, ಹಿತ್ತಾಳೆ ಹಂಡೆ, ಒಂದು ಮೂಲೆಯಲ್ಲಿ ಬಚ್ಚಲು. ಮೇಲೆ ಮಡಿ ಸೀರೆ ಒಣಗಿಸೋಕೆ ಹಗ್ಗ. ಯಾಕೆ ಇಷ್ಟೆಲ್ಲ ಅಂದರೆ, ಮಾಸ್ತರ ಹೆಂಡತಿ ರುಕ್ಮಾಬಾಯಿ ಅಮ್ಮಾರು ಮಡಿಯವರು. ತಾವೇ ಮಾಡಿದ್ದು ಬಿಟ್ಟು ಬೇರೆ ಯಾರ ಕೈಯದೂ ಉಣ್ಣುವವರಲ್ಲ. ನಳದ ನೀರು ಮುಟ್ಟುವವರಲ್ಲ, ನಳದೊಳಗೆ ಚರ್ಮದ ವಾಶರು ಇರುತ್ತದಂತೆ. ಬಾವಿಯ ನೀರೇ ಬೇಕು. ಅದನ್ನೂ ಒದ್ದೆ ಧೋತರ ಉಟ್ಟು ಮಾಸ್ತರೇ ಸೇದಬೇಕು. ಹೀಗಿದ್ದವರು ಎಲ್ಲಿಗೆ ತಾನೇ ಹೋದಾರು? ಮದುವೆಯಾಗಿ ರಾಯಚೂರಿಗೆ ಬಂದವರು ಅಡುಗೆಮನೆಯಲ್ಲೇ ಮುದುಕಿಯಾಗಿದ್ದರು. ಮಾಸ್ತರಿಗೆ ಅದು ಚುಚ್ಚುತ್ತಿತ್ತು. ಹೆಂಡತಿ ಅಡುಗೆಮನೆ ಬಿಟ್ಟು ಬರೋದಿಲ್ಲ, ಅಡುಗೆಮನೆಯನ್ನೇ ಊರೂರು ತಿರುಗಿಸೋಣ ಅಂತ ಪೆನ್ಶನ್ ದುಡ್ಡು ಸುರಿದಿದ್ದರು.

ಅಮ್ಮಾರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಹೊರಡೋ ದಿನ ನನ್ನೆದುರೇ ಹೇಳಿದರು.

"ಏನದ ರೀ ಆ ಮಾನ್ವಿ ದೇವದುರ್ಗದಾಗ? ಇಲ್ಲಿರೂ ಬಿಸಲೇ ಅಲ್ಲೂ ಅದ. ಒಂದು ಮಾತು ಹೇಳ್ತೀನಿ ಕೇಳ್ರಿ. ದೇವದುರ್ಗ ಮುಟ್ಟೂದ್ರೊಳಗ ಗಾಡಿ ಇಳದು ನೋಡಬೇಕು ಅನ್ನಿಸೂವಂಥಾದ್ದು ಒಂದು, ಒಂದೇ ಒಂದು ತೋರಸ್ರಿ. ಇಲ್ಲಂದ್ರ ಊರಿಗೆ ಬಂದ ಕೂಡಲೇ ಇದನ್ನ ಗುಜರಿಗೆ ಹಾಕಿಬಿಡ್ರಿ."

"ಹಾಕ್ತೀನಿ," ಅಂದರು ಮಾಸ್ತರು. ದನಿ ಸಣ್ಣದಾಗಿತ್ತು.

ಗಾಡಿ ಗುಜರಿಗೆ ಹೋದರೆ ನಾನು ಮತ್ತೆ ಗಂಜಿಗೆ, ಚೀಲದ ಕೆಳಗೆ. ಅವತ್ತಿನಿಂದ ಅಮ್ಮಾರನ್ನು ಗಾಡಿಯಿಂದ ಇಳಿಸೋದು ಮಾಸ್ತರಿಗಿಂತ ನನಗೇ ಹೆಚ್ಚಿನ ಕೆಲಸವಾಯಿತು. ನಸುಕಿನಲ್ಲಿ ಚೊಂಬು ಹಿಡಿದು ಇಳಿದದ್ದು ಲೆಕ್ಕಕ್ಕಿಲ್ಲ ಅಂತ ಅವರು ಮೊದಲೇ ಹೇಳಿದ್ದರು.

ಇನ್ನೊಂದು ಪ್ರಶ್ನೆ ಇತ್ತು. ನಾನು ಯಾರ ಮಗ, ಯಾವ ಕೇರಿಯವನು ಅನ್ನೋದು ಇಬ್ಬರಿಗೂ ಗೊತ್ತು. ನಾನು ಕೂತ ಗಾಡಿಯಲ್ಲಿ ಮಡಿ ಅಡುಗೆ ಹೇಗೆ? ಮಾಸ್ತರು ನನ್ನ ಸೀಟಿನ ಹಿಂದೆ ಹಲಗೆ ಹೊಡೆಸಿ ತೀರ್ಮಾನ ಕೊಟ್ಟರು: "ಹಲಗಿ ಮುಂದಿಂದು ರಸ್ತಾ, ಹಿಂದಿಂದು ಮನಿ. ಇವ ರಸ್ತಾದಾಗ ಇದ್ದಾನ." ಅಂದರೆ ನಾನು ರಸ್ತೆಯಲ್ಲಿ ಕೂತು ಮನೆ ಓಡಿಸುತ್ತಿದ್ದೆ. ನಗು ಬಂತು, ಒಳಗೆ ಸ್ವಲ್ಪ ಉರಿಯೂ ಹತ್ತಿತು. ಮೊದಲ ದಿನ ಒಳ್ಳೆಯವನಾಗೋಣ ಅಂತ ರಸ್ತೆ ಬದಿಯ ನಳದ ನೀರು ತಂದು, ಬಾಗಿಲಲ್ಲೇ ನಿಂತು ಹಂಡೆಗೆ ತುಂಬಿದೆ. ಅಮ್ಮಾರು ನೋಡಿದರು. ಬೈಯಲಿಲ್ಲ. ಹಂಡೆ ಮಗುಚಿಬಿಟ್ಟರು. ನೀರು ಹಲಗೆಯ ಕೆಳಗಿನಿಂದ ಹರಿದು ಬಂದು ನನ್ನ ಚಪ್ಪಲಿ ತೋಯಿಸಿತು. ಮನೆಯ ನೀರು ರಸ್ತೆಗೆ ಬರಬಹುದು, ರಸ್ತೆಯದು ಮನೆಗೆ ಹೋಗಬಾರದು. ಆಯಿತು, ನನಗೇನು ಅಂದುಕೊಂಡೆ.

ಆದರೆ ಆ ಬಾವಿ ನೀರಿನ ಹಟ ಇತ್ತಲ್ಲ, ಅದರಿಂದಲೇ ನಮಗೆ ಯಾರೂ ನೋಡದ್ದೆಲ್ಲ ಕಂಡಿತು. ಬೇರೆಯವರು ಊರಿಗೆ ಹೋದರೆ ಗುಡಿ ಎಲ್ಲಿ, ಕೋಟೆ ಎಲ್ಲಿ ಅಂತ ಕೇಳುತ್ತಾರೆ. ನಾವು ಕೇಳುತ್ತಿದ್ದದ್ದು, "ಸಿಹಿನೀರಿನ ಬಾವಿ ಎಲ್ಲದ ರೀ?" ಜನ ಕೈ ಮಾಡಿ ತೋರಿಸುತ್ತಿದ್ದದ್ದು ಯಾವಾಗಲೂ ಊರಿನ ಹಿಂದಿನ ಸಂದಿಗೆ, ಇಲ್ಲಾ ಹೊಲದ ಕಡೆಗೆ.

ಮಾನ್ವಿಯಲ್ಲಿ ಹಾಗೆ ಸಿಕ್ಕಿದ್ದು ಬಂಡಿ ಗಾಲಿ ಮಾಡುವವರ ಅಂಗಳದ ಹಿಂದಿನ ಬಾವಿ. ಅದರ ಗೋಡೆಯಿಂದ ಒಂದು ಬೇವಿನ ಗಿಡ ಅಡ್ಡಕ್ಕೆ ಬೆಳೆದಿತ್ತು. ಗಿಡದ ತುಂಬ ಗೀಜಗನ ಗೂಡು. ಕೊಡ ಇಳಿಸಿದರೆ ಅಷ್ಟೂ ಹಕ್ಕಿ ಒಮ್ಮೆಗೇ ಹಾರಿ, ಕೊಡ ಮೇಲೆ ಬಂದ ಕೂಡಲೇ ಒಮ್ಮೆಗೇ ವಾಪಸು ಕೂರುತ್ತಿದ್ದವು. ಯಾರೋ ಹಗ್ಗ ಎಳೆದು ಆಡಿಸಿದಂತೆ. ನಾನು ಓಡಿಬಂದು ಕಿಟಕಿಯ ಕೆಳಗೆ ನಿಂತು ಹೇಳಿದೆ.

"ಅಮ್ಮಾರ, ಇಳದು ನೋಡ್ರಿ. ಭಾಳ ಮಜಾ ಅದಾವ."

"ಗೀಜಗ ಹೌದಲ್ಲೋ? ನಮ್ಮ ತವರಮನಿ ಬಾವ್ಯಾಗೂ ಇದ್ವು," ಅಂದು ಕಿಟಕಿ ಹಾಕಿದರು.

ಆ ಊರು ಬಿಟ್ಟು ಮುಂದೆ ಒಂದು ಹಳ್ಳಿಯಲ್ಲಿ ಇನ್ನೊಂದು ತಮಾಷೆ. ನಮ್ಮ ಗಾಡಿ ಕಂಡದ್ದೇ ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಎದ್ದು ಓಡಿದರು. ಒಬ್ಬ ಮುದುಕ ಮಾತ್ರ ಕೂತಿದ್ದ. "ನಾ ಯಾಕ ಓಡ್ಲೋ ಯಪ್ಪಾ, ನಂದೆಲ್ಲಾ ಮುಗದದ," ಅಂದ. ಆಮೇಲೆ ತಿಳಿಯಿತು, ಎಮರ್ಜೆನ್ಸಿಯಲ್ಲಿ ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಶನ್ ಮಾಡಿಸುತ್ತಿದ್ದ ಗಾಡಿ ಮತ್ತೆ ಬಂತು ಅಂದುಕೊಂಡಿದ್ದರು. ಅದರೊಳಗಿಂದ ಒದ್ದೆ ಧೋತರದ ಮಾಸ್ತರು ಕೊಡ ಹಿಡಿದು ಇಳಿದಾಗ ಆ ಮುದುಕನಿಗೂ ಗಾಬರಿಯಾಯಿತು. ಹಲಗೆಯ ಹಿಂದೆ ಅಮ್ಮಾರು ನಕ್ಕ ಸದ್ದು ಅವತ್ತೇ ಮೊದಲು ಕೇಳಿದ್ದು. ನಕ್ಕರು, ಇಳಿಯಲಿಲ್ಲ.

ಸಿರವಾರದಲ್ಲಿ ಬಾವಿಗೆ ಹೋಗುವ ಸಂದಿಯಲ್ಲಿ ಒಂದು ಕ್ಷೌರದ ಅಂಗಡಿ. ಎದುರುಬದುರು ಎರಡು ಆಳೆತ್ತರದ ಕನ್ನಡಿ. ನಡುವೆ ನಿಂತರೆ ನಿಮ್ಮ ಹಿಂದೆ ನೀವು, ಅವರ ಹಿಂದೆ ಮತ್ತೆ ನೀವು, ಮುಗಿಯೋದೇ ಇಲ್ಲ. ಸಂತೆ ದಿನ ಹಳ್ಳಿಯವರು ಗಡ್ಡ ಬೋಳಿಸದೆಯೂ ಬಂದು ನಿಂತು ನೋಡಿ ಹೋಗುತ್ತಿದ್ದರಂತೆ. ಮಾಸ್ತರು ನಿಂತರು. ಜನಿವಾರದ ಮಾಸ್ತರ ದೊಡ್ಡ ಮೆರವಣಿಗೆಯೇ ಕಂಡಿತು. ಖುಷಿಯಿಂದ ಬಂದು ಹೆಂಡತಿಗೆ ವರದಿ ಕೊಟ್ಟರು.

"ಒಬ್ಬರನ್ನ ನೋಡೇ ಸಾಕಾಗೇದ," ಅಂದರು ಅಮ್ಮಾರು. "ಅಷ್ಟೂ ಮಂದೀನ್ನ ನೋಡ್ಲಿಕ್ಕೆ ನಾ ಇಳೀಬೇಕೇನು?"

ಅವತ್ತು ಮಾಸ್ತರು ಊಟ ಆದ ಮೇಲೆ ನನ್ನ ಬಾಗಿಲ ಹತ್ತಿರ ಬಂದು ನಿಂತರು. "ಡ್ರೈವರ್, ನಿನಗ ಬ್ಯಾರೆ ನೌಕರಿ ಸಿಗ್ತದಲ್ಲ?" ಅಂದರು. ನಾನು ಸುಳ್ಳು ಹೇಳೋ ಜಾತಿಯಲ್ಲ. "ಇಲ್ರಿ," ಅಂದೆ. ಇಬ್ಬರೂ ಟಯರು ನೋಡುತ್ತಾ ನಿಂತೆವು.

ಅರಕೇರಾ ದಾಟಿದ ಮೇಲೆ ಹಂಡೆ ಬರಿದಾಯಿತು. ದೇವದುರ್ಗ ಇನ್ನು ಸ್ವಲ್ಪವೇ ದೂರ. ಹೊಲದ ನಡುವೆ ದೊಡ್ಡ ಗುಂಡುಕಲ್ಲುಗಳ ರಾಶಿ, ಅದರ ಪಕ್ಕ ಬಾವಿ ಅಂತ ಒಬ್ಬ ಕುರಿಯವ ತೋರಿಸಿದ. ಗಾಡಿ ನಿಲ್ಲಿಸಿದೆ. ಮಾಸ್ತರು ಬಾವಿಗೆ ಕೊಡ ಬಿಟ್ಟು ಒಂದು ಎಳೆತ ಎಳೆದರು ಅಷ್ಟೇ. "ಅಯ್ಯಯ್ಯೋ!" ಭುಜ ಹಿಡಿದುಕೊಂಡಿತು. ಕೈ ಮೇಲೆತ್ತೋಕೂ ಆಗದು. ಕೊಡವನ್ನು ಒಂದೇ ಕೈಯಲ್ಲಿ ಹೇಗೋ ಮೇಲೆ ತಂದು, ಭಾರ ತಾಳದೆ ನೀರು ಚೆಲ್ಲಿ, ಗಾಡಿಯ ಬಾಗಿಲಿಗೆ ತಂದಿಟ್ಟರು.

"ನಾ ಸೇದ್ಲೇನ್ರಿ?" ಅಂದೆ.

ಅಮ್ಮಾರು ಕಿಟಕಿಯಿಂದ ಬಾವಿ ನೋಡಿದರು, ನನ್ನನ್ನು ನೋಡಿದರು, ಭುಜ ತಿಕ್ಕಿಕೊಳ್ಳುತ್ತಿದ್ದ ಗಂಡನನ್ನು ನೋಡಿದರು. "ಬ್ಯಾಡ," ಅಂದರು. ಕಚ್ಚೆ ಬಿಗಿ ಮಾಡಿಕೊಂಡು, ಕೊಡ ಎತ್ತಿಕೊಂಡು, ದಡದಡ ಮೆಟ್ಟಿಲು ಇಳಿದುಬಿಟ್ಟರು.

ಮಾಸ್ತರು ನನ್ನ ಕಡೆ ತಿರುಗಿ ಮೆಲ್ಲಗೆ, "ಇದು ಲೆಕ್ಕಕ್ಕ ಹಿಡೀತದೇನೋ?" ಅಂದರು.

"ನೀರಿಗೆ ಇಳದಾರ, ನೋಡಾಕಲ್ರಿ," ಅಂದೆ. ನ್ಯಾಯ ನ್ಯಾಯವೇ.

ಬಾವಿಯ ಹಗ್ಗ ಸರಿಮಾಡಿಕೊಳ್ಳಲು ಅಮ್ಮಾರು ಬರಿಗೊಡವನ್ನು ಪಕ್ಕದ ಒಂದು ಗುಂಡುಕಲ್ಲಿನ ಮೇಲೆ ಇಟ್ಟರು. ಟಣ್ಣ್ ಅಂತು. ಕೊಡ ಒಡೆಯಿತೇನೋ ಅಂತ ಗಾಬರಿಯಿಂದ ಎತ್ತಿ ತಳ ನೋಡಿದರು. ಏನಾಗಿಲ್ಲ. ಗುಂಡಿನ ಮೇಲೆ ಮುಷ್ಟಿ ಗಾತ್ರದ ಒಂದು ಕಲ್ಲು ಇತ್ತು. ಅದನ್ನು ತಗೊಂಡು ಗುಂಡುಕಲ್ಲಿಗೇ ಒಂದು ಕುಟ್ಟಿದರು. ದೊಡ್ಡ ಗುಡಿಯ ಗಂಟೆ ಬಾರಿಸಿದ ಹಾಗೆ ಠಣ್ಣಣ್ಣ ಅಂತ ಹೊಲದ ಮೇಲೆಲ್ಲ ಹರಡಿತು. ಅಮ್ಮಾರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ಹತ್ತಿರ ಹೋಗಿ ಅಂಚಿಗೆ ಕುಟ್ಟಿದರು. ಅದು ಬೇರೆ ಸದ್ದು. ತುದಿಗೆ ಕುಟ್ಟಿದರು. ಅದು ಇನ್ನೂ ಸಣ್ಣ ಸದ್ದು.

"ಏ ಇಲ್ಲೆ ಬರ್ರಿ! ಕಲ್ಲು ನೋಡ್ರಿ ಇದು, ಕಲ್ಲು!" ಅಂತ ಕೂಗಿದರು. ಆಮೇಲೆ ನಮ್ಮನ್ನು ಮರೆತೇಬಿಟ್ಟರು. ಭಜನೆಯಲ್ಲಿ ತಾಳ ಹಾಕುವ ಹಾಗೆ ಒಂದೇ ಸಮ ಬಾರಿಸತೊಡಗಿದರು. ಸೆರಗು ಜಾರಿದ್ದೂ ಗೊತ್ತಿಲ್ಲ. ಮಾಸ್ತರು ನೋವಿನ ಭುಜ ಹಿಡಿದುಕೊಂಡೇ ಕುಣಿಯುತ್ತಿದ್ದರು.

ಅಷ್ಟರಲ್ಲಿ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕುರ್ಪಿ ಹಿಡಿದುಕೊಂಡು ನಮ್ಮ ಕಡೆ ಬರತೊಡಗಿದರು. ಆ ಕಡೆಯ ಹೊಲದಿಂದ ಎತ್ತು ಬಿಚ್ಚಿ ಗಂಡಸರೂ ಹೊರಟಿದ್ದರು. ಎಲ್ಲರೂ ಕೈ ಒರೆಸಿಕೊಂಡು ಬಾವಿ ಪಕ್ಕದ ಬೇವಿನ ಗಿಡದ ನೆರಳಲ್ಲಿ ಸಾಲಾಗಿ ಕೂತೇಬಿಟ್ಟರು. ದುರ್ಗವ್ವ ಅಂತ ಒಬ್ಬ ಗಟ್ಟಿಗಿತ್ತಿ ಅಮ್ಮಾರ ಮುಂದೆ ಬಂದು ನಿಂತಳು.

"ಬುತ್ತಿ ಎಲ್ಲದ ಬೇ?"

"ಯಾವ ಬುತ್ತಿ?" ಅಮ್ಮಾರ ಕೈಯಲ್ಲಿ ಕಲ್ಲು ಇನ್ನೂ ಇತ್ತು.

"ಅಲಲಲಾ! ಬುತ್ತಿ ಕಲ್ಲು ಬಾರಿಸಿ ಯಾವ ಬುತ್ತಿ ಅಂತ ಕೇಳ್ತಾಳಲ್ರೇ ಈಕಿ! ಈ ಕಲ್ಲ ಬಾರಿಸಿದ್ರ ಬುತ್ತಿ ಬಂತು ಅಂತ ಲೆಕ್ಕ. ಹೊತ್ತಿಗಿ ಮೊದ್ಲ ಬಂತಲ್ಲ ಅಂತ ಕೆಲಸ ಬಿಟ್ಟು ಬಂದೀವಿ. ಅಗಾ, ಗುಡ್ಡದ ಆಕಡಿಯೋರೂ ಬರಾಕತ್ಯಾರ."

"ನನಗ ಗೊತ್ತಿದ್ದಿಲ್ಲವಾ…"

"ನಿನಗ ಗೊತ್ತಿಲ್ಲ, ನಮ್ಮ ಹೊಟ್ಟಿಗಿ ಗೊತ್ತದ," ಅಂದಳು ದುರ್ಗವ್ವ. ಕೂತವರೆಲ್ಲ ನಕ್ಕರು. "ಸುಳ್ಳೇ ಬಾರಿಸಿದೋರು ತಾವೇ ಉಣಿಸ್ಬೇಕು, ಇದು ನಮ್ಮೂರ ಕಾಯ್ದಿ."

ಅವಳು ಚೇಷ್ಟೆಗೆ ಅಂದದ್ದು. ಅಮ್ಮಾರು ಚೇಷ್ಟೆಗೆ ತಗೊಳ್ಳಲಿಲ್ಲ. ಸಾಲಾಗಿ ಕೂತ ಜನರನ್ನು ಒಂದು ಸಲ ಕಣ್ಣಾಡಿಸಿ ಅಳೆದರು, ಅಕ್ಕಿ ಅಳೆಯುವವರ ಹಾಗೆ. "ಉಣ್ಣಲಿಕ್ಕೆ ಕರದು ಹಂಗ ಕಳಸ್ಲಿಕ್ಕೆ ಬರ್ತದೇನು? ರೀ, ಒಲಿ ಕೆಳಗ ಇಳಸ್ರಿ. ಹೆಸರಬ್ಯಾಳಿ ಡಬ್ಬಿ ತರ್ರಿ. ಹುಗ್ಗಿ ಮಾಡ್ತೀನಿ."

ಮಾಸ್ತರ ಭುಜ ಹೋಗಿದೆ, ಒಲೆ ಇಳಿಸುವವನು ನಾನು. ರಸ್ತೆಯವನು ಮೊದಲ ಸಲ ಮನೆಯೊಳಗೆ ಹೋದೆ. ಯಾರೂ ತಡೆಯಲಿಲ್ಲ. ಅಷ್ಟು ಮಂದಿಗೆ ನೀರು ಬೇಕಲ್ಲ, ಅಮ್ಮಾರು ಒಂದು ಕೊಡ ಸೇದಿ ದಣಿದರು. ಅದನ್ನು ತಮಗೆ, ಮಾಸ್ತರಿಗೆ ಅಂತ ಬದಿಗೆ ಇಟ್ಟರು. ಆಮೇಲೆ ಹಗ್ಗವನ್ನು ಬಾವಿಕಟ್ಟೆಯ ಮೇಲೆ ನನ್ನ ಕಡೆ ಸರಿಸಿ, "ತಮ್ಮಾ, ಉಳದದ್ದು ನೀ ಸೇದು," ಅಂದರು. ಅಲ್ಲಿವರೆಗೆ ನಾನು "ಡ್ರೈವರ್" ಆಗಿದ್ದೆ.

ಗಾಡಿಯಲ್ಲಿದ್ದ ಅಂಥದೇ ಇನ್ನೊಂದು ಕೊಡ ತಂದು ಸೇದಿದೆ. ದುರ್ಗವ್ವ ಕಟ್ಟಿಗೆ ತಂದಳು. ಹೊಗೆಯೋ ಹೊಗೆ. ಜನರ ಹುಗ್ಗಿ ಇಳಿಸಿ, ಇಂಗಿನ ಒಗ್ಗರಣೆ ಕೊಟ್ಟು, ಅಮ್ಮಾರು ತಮ್ಮಿಬ್ಬರಿಗೆ ಬೇರೆ ಪಾತ್ರೆ ಇಟ್ಟರು. ಕಣ್ಣು ಒರೆಸಿಕೊಳ್ಳುತ್ತಾ ಕೈ ಚಾಚಿ ಕೊಡ ಎತ್ತಿ ಅದಕ್ಕೆ ನೀರು ಹೊಯ್ದರು. ಅದು ನಾನು ಸೇದಿದ ಕೊಡ. ನಾನು ನೋಡಿದೆ. ಮಾಸ್ತರು ನೋಡಿದರು. ಹೊಯ್ದ ಮೇಲೆ ಅಮ್ಮಾರೂ ನೋಡಿದರು. ಹಂಡೆ ಮಗುಚಿದ್ದು ನೆನಪಾಗಿ ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಅಮ್ಮಾರು ಪಾತ್ರೆಯ ಮೇಲೆ ತಾಟು ಮುಚ್ಚಿದರು. "ಬೆಂಕಿ ಮ್ಯಾಲೆ ಎಲ್ಲಾ ಒಂದೇ," ಅಂದರು. ನಮಗೆ ಹೇಳಿದ್ದೋ ಪಾತ್ರೆಗೆ ಹೇಳಿದ್ದೋ ಗೊತ್ತಿಲ್ಲ.

ಆ ಹುಗ್ಗಿ ನಾನೂ ಉಂಡೆ. ರುಚಿ ಹೇಗಿತ್ತು ಅಂತ ಕೇಳಬೇಡಿ, ಹೇಳೋಕೆ ಬರೋದಿಲ್ಲ. ಮೂರು ಸಲ ಹಾಕಿಸಿಕೊಂಡೆ. ಹೊರಡುವಾಗ ದುರ್ಗವ್ವ, "ಮತ್ತ ಯಾವಾಗ ಬಾರಿಸ್ತಿ ಬೇ?" ಅಂತ ಕೇಳಿದಳು. ಗಾಡಿ ಶುರು ಮಾಡಿದೆ. ಇದು ಲೆಕ್ಕಕ್ಕೆ ಹಿಡಿಯಿತೇ ಅಂತ ಅಮ್ಮಾರನ್ನು ಕೇಳೋ ಧೈರ್ಯ ಮಾಸ್ತರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ದೇವದುರ್ಗದ ಮನೆಗಳು ಕಾಣುವಾಗ ಹಲಗೆಯ ಮೇಲೆ ಟಕ್ ಟಕ್ ಅಂತ ಸದ್ದಾಯಿತು. ಅಮ್ಮಾರು ಸೌಟಿನಿಂದ ಬಡಿಯುತ್ತಿದ್ದರು.

"ತಮ್ಮಾ, ಇದರ ಮುಂದಿನ ಊರು ಯಾವ್ದೋ?"

ಗಾಡಿ ಗುಜರಿಗೆ ಹೋಗಲಿಲ್ಲ. ಎಂಜಿನ್ ಸಾಯುವವರೆಗೆ ಓಡಿಸಿದೆ. ಹಲಗೆ ಕೊನೆವರೆಗೂ ಇತ್ತು, ನಾನು ಸುಳ್ಳು ಹೇಳೋದಿಲ್ಲ. ಆದರೆ ಅದರಲ್ಲಿ ತಾಟು ಹಿಡಿಸುವಷ್ಟು ಒಂದು ಕಿಂಡಿ ಕೊರೆಸಿದರು. ಈಗ ಆ ಗಾಡಿ ಮಾಸ್ತರ ಹಿತ್ತಲಲ್ಲಿ ನಿಂತಿದೆ. ಬೇಸಿಗೆಯಲ್ಲಿ ಅಮ್ಮಾರು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ.

ಮೊನ್ನೆಯ ಮಾತಿಗೆ ಬರುತ್ತೇನೆ. ಇಂಗಿನ ವಾಸನೆ ಬಂತು ಅಂದೆನಲ್ಲ. ಶಕ್ತಿನಗರದ ಆ ಹಾದಿಯ ಪಕ್ಕ ಗುಂಡುಕಲ್ಲುಗಳ ಒಂದು ರಾಶಿ ಇದೆ. ದಿನಾ ನೋಡುತ್ತೇನೆ, ಅಂದರೆ ನೋಡೋದೇ ಇಲ್ಲ. ಅಲ್ಲಿ ಬ್ರೇಕ್ ಹಾಕಿಬಿಟ್ಟೆ.

"ಪಂಚರ್ ಆತೇನ್ ಡ್ರೈವರ್?" ಅಂತ ವೆಲ್ಡರ್ ಒಬ್ಬ ಕೇಳಿದ.

ಸೀಟಿನ ಕೆಳಗಿಂದ ನಟ್ಟು ಬಿಚ್ಚುವ ಪಾನಾ ತಗೊಂಡು ಹೋಗಿ ದೊಡ್ಡ ಗುಂಡುಕಲ್ಲಿಗೆ ಒಂದು ಬಿಗಿದೆ. ಠಪ್ ಅಂತು. ಗೋಣಿಚೀಲಕ್ಕೆ ಬಡಿದ ಹಾಗೆ. ಹಿಂದೆ ಅಷ್ಟೂ ಜನ ಇಳಿದು ನಿಂತು ನನ್ನನ್ನೇ ನೋಡುತ್ತಿದ್ದರು.

"ತಲಿ ಕೆಟ್ಟದೇನ್ಲೇ ಇವಂದು?"

ಯಾಕೆ ಹೊಡೆದೆ ಅಂತ ಎರಡೇ ಮಾತಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಬುತ್ತಿ ಡಬ್ಬಿಯವನು ಕೈ ನೆಕ್ಕುತ್ತಾ ಮುಂದೆ ಬಂದು, ನನ್ನ ಕೈಯಿಂದ ಪಾನಾ ಕಿತ್ತುಕೊಂಡು, "ಅದಲ್ಲ, ಇದನ್ನ ನೋಡೂನು ತಡಿ," ಅಂತ ಪಕ್ಕದ ಗುಂಡುಕಲ್ಲಿಗೆ ಹೋದ. ವೆಲ್ಡರ್ ಅದರ ಆಚೆಯದಕ್ಕೆ. ಸ್ವಲ್ಪ ಹೊತ್ತಿಗೆ ಗುಡ್ಡದ ತುಂಬ ಠಪ್ ಠಪ್ ಠಪ್.

ಅವತ್ತು ಒಂದು ಬಸ್ಸಿನಷ್ಟು ಜನ ಡ್ಯೂಟಿಗೆ ಲೇಟು. ಇನ್ನೂ ಯಾವ ಕಲ್ಲೂ ಠಣ್ ಅಂದಿಲ್ಲ. ಮೇಲಿನ ಸಾಲಿನವು ಉಳಿದಿವೆ, ಅವನ್ನು ನಾಳೆ ನೋಡುತ್ತೇವೆ.