ಪಾಲಿನ ಕೋಳಿ

ಘೋಡಗೇರಿಯಲ್ಲಿ ಯಾರ ಆಡು ಬಡಕಲಾದರೂ, ಯಾರ ಕೋಳಿ ಕಾವಿಗೆ ಕೂಡದಿದ್ದರೂ ಅವರು ಚನ್ನವ್ವನ ಬಾಗಿಲಿಗೇ ಬರುತ್ತಿದ್ದರು. ಪಾಲಿಗೆ ಸಾಕುವುದರಲ್ಲಿ ಅವಳ ಕೈಗುಣ ಅಂಥದ್ದು. ನೀವು ಆಡು ಕೊಡಿ, ಅವಳು ಮೇಯಿಸುತ್ತಾಳೆ. ಹುಟ್ಟಿದ ಮರಿಗಳಲ್ಲಿ ನಿಮಗೊಂದು, ಅವಳಿಗೊಂದು. ನೀವು ತತ್ತಿ ಕೊಡಿ, ಅವಳ ಕೋಳಿ ಕಾವು ಕೊಡುತ್ತದೆ, ಮರಿಗಳಲ್ಲಿ ಅರ್ಧರ್ಧ. ಅಕಸ್ಮಾತ್ ಸತ್ತರೆ, ಸತ್ತದ್ದನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಮಾಲಕರಿಗೆ ತೋರಿಸಬೇಕು. ಅವರು ಮುಟ್ಟಿ ನೋಡಿ "ಇಬ್ರದೂ ಹೋತು" ಎನ್ನಬೇಕು. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಯಾರನ್ನೂ ದೂರುವಂತಿಲ್ಲ.

ನಾನು ಅವಳ ಬಾಜೂ ಮನೆಯವಳು. ಹುಕ್ಕೇರಿಯಲ್ಲಿ ಹತ್ತನೇ ಇಯತ್ತೆ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದವಳಿಗೆ ಮೊದಮೊದಲು ಇದೆಲ್ಲ ತಮಾಷೆ. ಸತ್ತ ಕೋಳಿಗೂ ಮೆರವಣಿಗೆಯೇ ಎಂದು ಕಾಡಿಸುತ್ತಿದ್ದೆ. "ನೀ ಸಾಲಿ ಕಲ್ತಾಕಿ, ನಿನಗ ತಿಳಿಯಂಗಿಲ್ಲ ಬಿಡು," ಎಂದು ಅವಳು ತನ್ನ ಪಾಡಿಗೆ ತಾನು ಹೋಗುತ್ತಿದ್ದಳು. ಗಂಡ ಸತ್ತೆಪ್ಪ ತೀರಿಕೊಂಡ ಮೇಲೆ ಎರಡೆಕರೆ ಹೊಲ, ಹಿತ್ತಿಲು ಅವಳ ಹೆಸರಿಗೆ ಬಂದಿದ್ದವು. ಮಗ ಸೋಮಲಿಂಗನನ್ನು ಅವಳು ಬೆಳೆಸಿದ್ದು ಮಾತ್ರ ಹೊಲಕ್ಕಿಂತ ಹೆಚ್ಚಾಗಿ ಈ ಪಾಲಿನ ಜೀವಗಳ ಮೇಲೆ.

ಎರಡು ಸಾವಿರದ ಮೂರರಲ್ಲಿ ಸೋಮಲಿಂಗ ಕೋಳಿ ಕಂಪನಿಯ ಸುದ್ದಿ ತಂದ. ಮರಿ, ಕಾಳು, ಔಷಧ ಕಂಪನಿಯದು. ಶೆಡ್ಡು, ದುಡಿಮೆ ಇವರದು. ನಲವತ್ತು ದಿನಕ್ಕೆ ಲಾರಿ ಬಂದು ಕೋಳಿ ಒಯ್ಯುತ್ತದೆ, ತೂಕದ ಮೇಲೆ ಇವರಿಗೆ ಕೂಲಿ. ಚನ್ನವ್ವ ಕೇಳಿ ಖುಷಿಯಾದಳು.

"ಅವರ ಜೀವ, ನಮ್ಮ ಜ್ವಾಕಿ. ಅಂದ್ರ ಪಾಲಿಗೆ ಬಂದಂಗಾತಲ್ಲ."

ಹೌದೆನ್ನುವಂತೆ ಸೋಮಲಿಂಗ ತಲೆಯಾಡಿಸಿಬಿಟ್ಟ. ಗೋಕಾಕದಿಂದ ಮೋಟರ್ ಸೈಕಲ್ ಮೇಲೆ ಬರುತ್ತಿದ್ದ ಕಂಪನಿಯ ಸುಪರ್‌ವೈಜರ್ ಹನಮಂತ ಒಂದೇ ಒಂದು ತಕರಾರು ತೆಗೆದ: ಮನೆಯಲ್ಲಿ ಜವಾರಿ ಕೋಳಿ ಇರಬಾರದು, ರೋಗ ತರುತ್ತವೆ. ಚನ್ನವ್ವನ ಹನ್ನೊಂದು ಕೋಳಿ ನಮ್ಮತ್ತೆ ಗೌರಕ್ಕನ ಹಿತ್ತಿಲಿಗೆ ಬಂದವು, ಪಾಲಿಗೇ. ಕರಾರಿನ ಕಾಗದ ಓದಿದ್ದು ನಾನು. ಸತ್ತ ಕೋಳಿಯ ಹೊಣೆ ಸಾಕಿದವರದೇ, ಅದರ ಬೆಲೆ ಕೂಲಿಯಲ್ಲಿ ಮುರಿಯಲಾಗುವುದು ಎಂಬ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಅವರ ಉಮೇದಿಗೆ ತಣ್ಣೀರು ಎರಚುವುದು ಬೇಡವೆಂದು ಬಾಯಿ ಹೊಲಿದುಕೊಂಡು ಕೂತೆ. ಅದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಚನ್ನವ್ವ ಹೆಬ್ಬೆಟ್ಟು ಒತ್ತಿದಳು.

ಎರಡು ಬ್ಯಾಚು ಸುಸೂತ್ರವಾಗಿ ಹೋದವು. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಆ ಕೋಳಿಗಳು ಕೆದರುತ್ತಿರಲಿಲ್ಲ. ಮೈಭಾರಕ್ಕೆ ನಾಲ್ಕು ಹೆಜ್ಜೆ ನಡೆದು ಕುಸಿದು ಕೂಡುತ್ತಿದ್ದವು. "ಇವಕ್ಕ ಕೋಳಿ ಆಗಾಕ ಪುರಸತ್ತ ಕೊಟ್ಟಿಲ್ಲ," ಎನ್ನುತ್ತಿದ್ದಳು.

ಮೂರನೆಯ ಬ್ಯಾಚು ಬಂದದ್ದು ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಕರೆಂಟು ಹೋಯಿತು, ಫ್ಯಾನು ನಿಂತವು. ಹೊತ್ತು ಇಳಿಯುವಷ್ಟರಲ್ಲಿ ನಾನೂರು ಕೋಳಿ ಬಾಯಿ ತೆರೆದು ಸತ್ತಿದ್ದವು.

ಮರುದಿನ ಚನ್ನವ್ವ ಅವುಗಳಲ್ಲಿ ಎರಡನ್ನು ಬುಟ್ಟಿಯಲ್ಲಿಟ್ಟು, ಬಟ್ಟೆ ಮುಚ್ಚಿ, ನನ್ನನ್ನು ಕರೆದುಕೊಂಡು ಗೋಕಾಕದ ಬಸ್ಸು ಹತ್ತಿದಳು. ಕಂಡಕ್ಟರ್ ಮೂಗು ಮುಚ್ಚಿಕೊಂಡ. ಅವಳು ಅತ್ತ ಲಕ್ಷ್ಯವನ್ನೇ ಕೊಡಲಿಲ್ಲ. ಕಂಪನಿಯ ಆಫೀಸಿನಲ್ಲಿ ಬುಟ್ಟಿ ಇಳಿಸಿ, "ಮಾಲಕರನ್ನ ಕರೀರಿ," ಎಂದಳು.

ಗುಮಾಸ್ತ ತಲೆ ಎತ್ತಿದ. "ಮಾಲಕರು ಇಲ್ಲಿರಂಗಿಲ್ರಿ. ನಾನೂ ಒಮ್ಮೆಯೂ ನೋಡಿಲ್ಲ."

"ಮತ್ತ ಇವನ್ನ ಮುಟ್ಟಿ ನೋಡೋರು ಯಾರು?"

ಅವನಿಗೆ ಮಾತೇ ಅರ್ಥವಾಗಲಿಲ್ಲ. ಕೆಟ್ಟವನೇನಲ್ಲ, ಸಾವಧಾನದಿಂದ ಕರಾರು ತೆಗೆದು ಬೆರಳಿಟ್ಟು ತೋರಿಸಿದ. "ಬದುಕಿದ್ದು ಕಂಪನಿದು, ಸತ್ತದ್ದು ನಿಮ್ಮದು. ಇದರಾಗ ಬರದೈತಿ ನೋಡ್ರಿ."

ಚನ್ನವ್ವ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆ ತಗ್ಗಿಸಿದೆ. ಒಂದು ಬೈಗುಳ ಬೈದಿದ್ದರೆ ಚೆನ್ನಾಗಿತ್ತು. ಅವಳು ಮತ್ತೆ ಬಟ್ಟೆ ಮುಚ್ಚಿ, ಬುಟ್ಟಿ ಹೊತ್ತು ಊರಿನ ಬಸ್ಸು ಹತ್ತಿದಳು. ಬಂದವಳೇ, ಮಿಕ್ಕ ಸತ್ತವನ್ನು ಹೂತಿದ್ದ ಹೊಲದ ಮೂಲೆಯಲ್ಲೇ ತಗ್ಗು ತೋಡಿ ಎರಡನ್ನೂ ಮುಚ್ಚಿದಳು.

ಬದುಕಿ ಉಳಿದವನ್ನು ಕಂಪನಿಯೇ ನೋಡಿಕೊಳ್ಳಲಿ, ನಾನಿನ್ನು ಅತ್ತ ಹಾಯುವುದಿಲ್ಲ ಎಂದು ಸೋಮಲಿಂಗ ಕೂಗಾಡಿದ. "ನಮ್ಮ ಕೈಯಾಗ ಕೊಟ್ಟ ಜೀವ. ಅರ್ಧಕ್ಕ ಬಿಡಂಗಿಲ್ಲ," ಎಂದು ಅವಳು ಸೆರಗು ಸಿಕ್ಕಿಸಿದಳು. ಹನ್ನೆರಡು ದಿನ ಶೆಡ್ಡಿನ ತಗಡಿನ ಮೇಲೆ ಕಬ್ಬಿನ ಒಣಗರಿಯ ರವದಿ ಹೊದಿಸಿ ನೀರು ಸುರಿದೆವು, ಸುತ್ತ ಹಸಿ ಗೋಣಿಚೀಲ ಕಟ್ಟಿದೆವು. ನಾನೂ ಕೊಡ ಹೊತ್ತೆ. ನನ್ನ ತಪ್ಪಿಗೆ ಅಷ್ಟಾದರೂ ಬೇಕಿತ್ತು. ಆಮೇಲೆ ಸತ್ತದ್ದು ಬೆರಳೆಣಿಕೆಯಷ್ಟೇ. ಲಾರಿಯವರು ಕಾಲು ಹಿಡಿದು ತಲೆಕೆಳಗಾಗಿ ಒಯ್ಯುವಾಗ ಚನ್ನವ್ವ ಬಾಗಿಲಲ್ಲಿ ನಿಂತು ಕೊನೆಯ ಕೋಳಿಯವರೆಗೂ ನೋಡಿದಳು.

ಲಾರಿ ಹೋದ ಮೇಲೆ ಹನಮಂತ ಕಟ್ಟೆಯ ಮೇಲೆ ಹೊಸ ಕರಾರು ಹರಡಿ, ಶಾಯಿಯ ಡಬ್ಬಿ ತೆರೆದ. ಸೋಮಲಿಂಗನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಮುಂದಿನ ಬ್ಯಾಚು ಮಳೆಗಾಲದ್ದು, ಸಾಯುವ ಭಯವಿಲ್ಲ ಎಂದು ಅವನೇ ತಾಯಿಗೆ ಸಮಾಧಾನ ಹೇಳಿದ.

ಚನ್ನವ್ವ ಹನಮಂತನನ್ನೇ ನೋಡಿ ಹೇಳಿದಳು: "ಒಂದ ಸಾಲು ಬರಿ ತಮ್ಮಾ. ಸತ್ರ ಇಬ್ರದೂ ಹೋತು ಅಂತ. ಬರದ ಕೂಡ್ಲೇ ಹೆಬ್ಬಟ್ಟ ಒತ್ತತೇನಿ."

"ಅವ್ವಾ, ಅಷ್ಟು ದೊಡ್ಡ ಶೆಡ್ಡು ಖಾಲಿ ಇಟ್ಕೊಂಡ ಕುಂದ್ರೂಣೇನು?" ಸೋಮಲಿಂಗ ರೇಗಿದ.

"ನಾ ನಿನ್ನ ಕೇಳಿಲ್ಲ."

ಹನಮಂತ ಹಾಳೆ ಹಿಂದೆ ಮುಂದೆ ತಿರುವಿದ. "ಬರಿಯಾಕ ನನಗ ಅಧಿಕಾರ ಇಲ್ಲವ್ವ," ಎಂದ. ನೆಲ ನೋಡುತ್ತ ಮತ್ತೆ ಹೇಳಿದ: "ಆ ನಾನೂರು ಸತ್ತದ್ದಕ್ಕ ನನ್ನ ಪಗಾರನೂ ಹಿಡದಾರ."

ಚನ್ನವ್ವನ ಮುಖದ ಗಂಟು ಸಡಿಲವಾಯಿತು. ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಅವನ ಮುಂದಿಟ್ಟಳು. ಅವನು ಕುಡಿದು ಮುಗಿಸುವವರೆಗೂ ಕಾದಳು.

"ಅಂದ್ರ ನಿನ್ನದೂ ಹೋತು, ನನ್ನದೂ ಹೋತು. ಅವರದೇನು ಹೋತು?"

ಹನಮಂತ ಬಾಯಿ ಒರೆಸಿಕೊಂಡು ಖಾಲಿ ತಂಬಿಗೆ ಕೆಳಗಿಟ್ಟ. ಸೋಮಲಿಂಗ ಅವನ ಬಾಯನ್ನೇ ನೋಡುತ್ತಿದ್ದ. ಉತ್ತರ ಅವನಿಗೂ ಬೇಕಾಗಿತ್ತು. ಕೊನೆಗೆ ಶಾಯಿಯ ಡಬ್ಬಿ ಮುಚ್ಚಿ ಹನಮಂತನ ಕೈಗಿಟ್ಟವನು ಸೋಮಲಿಂಗನೇ.